ಬಂಧಿತರ ಮತ್ತು ನ್ಯಾಯಾಲಯ ಪ್ರಕರಣಗಳ ಮಾಹಿತಿ ಪಡೆಯುವ ವಿಧಾನ
(ಕೊರ್ಲಹಳ್ಳಿ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರಿಗಾಗಿ)

ತುಂಗಭದ್ರಾ ತೀರದ ಕೊರ್ಲಹಳ್ಳಿಯು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿಗೆ ಸೇರಿರುತ್ತದೆ. ನದಿಯ ಆಚೆ ಇರುವ ಹೂವಿನಹಡಗಲಿ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ವ್ಯಕ್ತಿಯ ವಾಸಸ್ಥಳ ಯಾವುದೇ ಇರಲಿ, ಅಪರಾಧ ನಡೆದಿದೆ ಎನ್ನಲಾದ ಸ್ಥಳದ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಸಾಮಾನ್ಯವಾಗಿ ವಿಚಾರಣೆ ನಡೆಯುತ್ತದೆ. ಆದ್ದರಿಂದ ಬಂಧಿತರ ಕುಟುಂಬದವರು ಮೊದಲು ಘಟನೆಯ ಸ್ಥಳ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

1. ಪೊಲೀಸ್ ಠಾಣೆ
ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 37ರ ಮೇರೆಗೆ, ಬಂಧಿತರ ಹೆಸರು, ವಿಳಾಸ ಮತ್ತು ಆರೋಪದ ಸ್ವರೂಪವನ್ನು ಪ್ರತಿ ಠಾಣೆ ಹಾಗೂ ಜಿಲ್ಲಾ ಕೇಂದ್ರದಲ್ಲಿ ಪ್ರದರ್ಶಿಸಬೇಕು. ಬಂಧನದ ವಿಷಯವನ್ನು ಬಂಧುಗಳಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಪ್ರಯಾಣದ ಅವಧಿಯನ್ನು ಹೊರತುಪಡಿಸಿ 24 ಗಂಟೆಗಳೊಳಗೆ ಬಂಧಿತರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಠಾಣೆಯಲ್ಲಿ ಗುನ್ನೆ ಸಂಖ್ಯೆ, ವರ್ಷ ಮತ್ತು ಕಲಂಗಳನ್ನು ಬರೆದುಕೊಳ್ಳುವುದು. ಲೈಂಗಿಕ ಅಪರಾಧದಂತಹ ಸೂಕ್ಷ್ಮ ಪ್ರಕರಣಗಳ ಪ್ರಥಮ ವರ್ತಮಾನ ವರದಿ ಅಂತರಜಾಲದಲ್ಲಿ ದೊರೆಯುವುದಿಲ್ಲ.

2. ನ್ಯಾಯಾಲಯ
ಇ-ಕೋರ್ಟ್ಸ್ ಸೇವೆಯಲ್ಲಿ ಜಿಲ್ಲೆ ಮತ್ತು ನ್ಯಾಯಾಲಯ ಸಂಕೀರ್ಣವನ್ನು ಆಯ್ಕೆ ಮಾಡಿ, ಠಾಣೆಯ ಗುನ್ನೆ ಸಂಖ್ಯೆ ಅಥವಾ ಪಕ್ಷಕಾರರ ಹೆಸರಿನಿಂದ ಪ್ರಕರಣವನ್ನು ಹುಡುಕಬಹುದು. ಒಂದೇ ಹೆಸರಿನವರು ಹಲವರಿರುವುದರಿಂದ ಗುನ್ನೆ ಸಂಖ್ಯೆಯೇ ಹೆಚ್ಚು ಖಚಿತ. ಪ್ರಕರಣಕ್ಕೆ ನೀಡಲಾಗುವ 16 ಅಂಕಾಕ್ಷರಗಳ ಸಿ.ಎನ್.ಆರ್. ಸಂಖ್ಯೆ ದೊರೆತಲ್ಲಿ ಮುಂದಿನ ದಿನಾಂಕ ಮತ್ತು ಆದೇಶಗಳನ್ನು ನೇರವಾಗಿ ನೋಡಬಹುದು. ಅಂತರಜಾಲದ ಪ್ರತಿ ಮಾಹಿತಿಗಾಗಿ ಮಾತ್ರ. ಅಧಿಕೃತ ಕೆಲಸಗಳಿಗೆ ನ್ಯಾಯಾಲಯದ ನಕಲು ಶಾಖೆಯಿಂದ ದೃಢೀಕೃತ ನಕಲು ಪಡೆಯತಕ್ಕದ್ದು. ಕಾರಾಗೃಹ ಶಿಕ್ಷೆಗೆ ಒಳಗಾದ ಆರೋಪಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ನೀಡಲಾಗುತ್ತದೆ.

3. ಕಾರಾಗೃಹ
ನ್ಯಾಯಾಂಗ ಬಂಧನದ ಆದೇಶವಾದಲ್ಲಿ ಯಾವ ಕಾರಾಗೃಹ ಎಂಬುದನ್ನು ನ್ಯಾಯಾಲಯದ ಕಚೇರಿ ಅಥವಾ ವಕೀಲರಿಂದ ತಿಳಿದುಕೊಳ್ಳಬಹುದು. ಶಿಕ್ಷಾಬಂದಿಗಳನ್ನು ಧಾರವಾಡ, ಬೆಳಗಾವಿ, ಬಳ್ಳಾರಿಯಂತಹ ಕೇಂದ್ರ ಕಾರಾಗೃಹಗಳಿಗೆ ವರ್ಗಾಯಿಸುವುದುಂಟು. ಭೇಟಿಗಾಗಿ ಇ-ಮುಲಾಕಾತ್ ಮೂಲಕ ಮುಂಚಿತವಾಗಿ ನೋಂದಾಯಿಸಿ, ಗುರುತಿನ ಚೀಟಿಯೊಂದಿಗೆ ಹಾಜರಾಗುವುದು.

4. ಹಳೆಯ ಕಡತಗಳು
ಗದಗ ಜಿಲ್ಲೆಯು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟಿತು. ಅದಕ್ಕೂ ಹಿಂದಿನ ಸೆಷನ್ಸ್ ಪ್ರಕರಣಗಳ ಬಗ್ಗೆ ಧಾರವಾಡದಲ್ಲಿಯೂ ವಿಚಾರಿಸುವುದು ಸೂಕ್ತ. ಈ ಭಾಗದ ಮೇಲ್ಮನವಿಗಳು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ಸೇರುತ್ತವೆ. ಈ ಪೀಠವು 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು.

5. ಉಚಿತ ಕಾನೂನು ನೆರವು
ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸಬಹುದು.

ವಿಶೇಷ ಸೂಚನೆ: ಜಾಮೀನು ಮಂಜೂರಾದ ನಂತರವೂ ಜಾಮೀನುದಾರರು ಸಂಬಂಧಪಟ್ಟ ನ್ಯಾಯಾಲಯಕ್ಕೆ ಸಕಾಲದಲ್ಲಿ ಹಾಜರಾಗದಿದ್ದಲ್ಲಿ ಬಂಧಿತರ ಬಿಡುಗಡೆ ತಡವಾಗುತ್ತದೆ. ಆದ್ದರಿಂದ ಠಾಣೆಯ ಹೆಸರು, ಗುನ್ನೆ ಸಂಖ್ಯೆ, ಸಿ.ಎನ್.ಆರ್. ಸಂಖ್ಯೆ ಮತ್ತು ಮುಂದಿನ ದಿನಾಂಕವನ್ನು ಒಂದೇ ಹಾಳೆಯಲ್ಲಿ ಬರೆದು ಮನೆಯಲ್ಲಿ ಇಟ್ಟುಕೊಳ್ಳಲು ನಾಗರಿಕರಲ್ಲಿ ಕೋರಲಾಗಿದೆ.