ಹಳೇ ಸ್ಕಾರ್ಪಿಯೋದ ಹಿಂಬದಿ ಬಂಪರ್

ವಾಸ್ಕೋದಲ್ಲಿ ನೆಲೆಸಿದ ನಮ್ಮಂಥ ಕನ್ನಡ ಕುಟುಂಬಕ್ಕೆ ಊರಿಗೆ ಹೋಗಿಬರಲು ಹಳೇ ಗಾಡಿಯೇ ಆಧಾರ. ನಮ್ಮದು 2002ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಮಾದರಿಯ ಮಹೀಂದ್ರ ಸ್ಕಾರ್ಪಿಯೋ. ಭಾನುವಾರ ಪೂಜೆ ಮುಗಿಸಿ ರಿವರ್ಸ್ ತೆಗೆಯುವಾಗ ಕಲ್ಲುಕಂಬಕ್ಕೆ ತಾಗಿ ಬಂಪರ್ ಸೀಳಿತು. ಕ್ಷಣದ ಮುಂಚೆ ಅದೇ ಕಂಬದ ಬಳಿ ನಮ್ಮ ಕಿರಿಮಗಳು ಆಡುತ್ತಿದ್ದಳು. 2019ರ ಜುಲೈಯಿಂದ ತಯಾರಾಗುವ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ; ನಮ್ಮದಕ್ಕೆ ಅದೆಲ್ಲಿಯದು?

“ಕಬ್ಬಿಣದ ಗಾರ್ಡ್ ಹಾಕಿಸಿಬಿಡಿ” ಎಂದರು ನೆರೆಯವರು. ನಾವು ಒಪ್ಪಲಿಲ್ಲ. ಕ್ರ್ಯಾಶ್ ಗಾರ್ಡ್ ಬೇಡವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಗಟ್ಟಿ ಕಬ್ಬಿಣ ಪೆಟ್ಟನ್ನು ತಾನು ನುಂಗದು. ಚಾಸಿಗೆ, ಅಡ್ಡ ಬಂದವರ ಮೈಗೆ ದಾಟಿಸುತ್ತದೆ.

ಹೊಸ ಬಂಪರ್ ಸುಲಭವಾಗಿ ಸಿಕ್ಕಿತು, ಸತಾಯಿಸಿದ್ದು ಬೋಲ್ಟುಗಳು. ಗೋವಾದ ಉಪ್ಪುಗಾಳಿ ಅವನ್ನು ತಿಂದುಹಾಕಿತ್ತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದರೂ ಎರಡು ತುಂಡಾದವು. ಬಂಪರ್ ಎಳೆಯುವ ಮುನ್ನ ದೀಪದ ವೈರು ಕಳಚಲು ಮರೆಯಬೇಡಿ. ಬ್ರಾಕೆಟ್ಟಿನ ತುಕ್ಕು ಉಜ್ಜಿ ಪ್ರೈಮರ್ ಬಳಿಯಿರಿ. ಹೊಸದನ್ನು ಒಬ್ಬರು ಎತ್ತಿ ಹಿಡಿಯಲಿ. ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ಸಿಕ್ಕಿಸಿ, ಎರಡೂ ಬದಿಯ ಸಂದು ಸಮವಾಯಿತೇ ನೋಡಿ, ಆಮೇಲೆ ಬಿಗಿಯಿರಿ.

ಸಂಜೆ ಸೆನ್ಸರನ್ನೂ ಕೂಡಿಸಿದೆವು. ಆದರೂ ಮಗಳು ಅಜ್ಜಿಯ ಕೈ ಹಿಡಿದು ಗಾಡಿಯ ಮುಂದೆ, ಪಕ್ಕಕ್ಕೆ, ಕಣ್ಣಿಗೆ ಕಾಣುವಂತೆ ನಿಂತ ಮೇಲೆಯೇ ನಾವು ರಿವರ್ಸ್ ಗೇರ್ ಹಾಕುವುದು.