ಜರುಗುವ ದ್ವೀಪದಲ್ಲಿ ಡೇರೆ

ಅಮೆರಿಕದ ಉತ್ತರ ಕೆರೊಲಿನಾ ಕರಾವಳಿಯ ಎದುರಿಗೆ ಕೋರ್ ಬ್ಯಾಂಕ್ಸ್ ಎಂಬ ಉದ್ದನೆಯ ಮರಳ ಪಟ್ಟಿಯಿದೆ. ಒಂದು ಮಗ್ಗುಲಲ್ಲಿ ಅಟ್ಲಾಂಟಿಕ್ ಸಾಗರ, ಇನ್ನೊಂದರಲ್ಲಿ ಆಳವಿಲ್ಲದ ಹಿನ್ನೀರು. ಸಾಗರದ ಅಬ್ಬರ ಒಳನಾಡಿಗೆ ನೇರವಾಗಿ ತಾಗದಂತೆ ತಡೆಯುವ ಇಂಥವನ್ನು ತಡೆದ್ವೀಪಗಳು ಎನ್ನುತ್ತಾರೆ. 1966ರಲ್ಲಿ ರೂಪುಗೊಂಡ ಕೇಪ್ ಲುಕ್‌ಔಟ್ ರಾಷ್ಟ್ರೀಯ ಕಡಲತೀರಕ್ಕೆ ಸೇರಿದ ಇಲ್ಲಿಗೆ ಸೇತುವೆಯಿಲ್ಲ, ಡಾಂಬರು ರಸ್ತೆಯೂ ಇಲ್ಲ. ದೋಣಿಯಲ್ಲೇ ಹೋಗಬೇಕು, ನೀರು ಹೊತ್ತೊಯ್ಯಬೇಕು, ಕಸವನ್ನು ವಾಪಸ್ ತರಬೇಕು.

ಡೇರೆ ಹಾಕುವುದಕ್ಕೂ ಇಲ್ಲಿ ತಿಳಿವಳಿಕೆ ಬೇಕು. ಸಡಿಲ ಮರಳಿನಲ್ಲಿ ಗಿಡ್ಡ ಗೂಟ ನಿಲ್ಲದು. ಉಬ್ಬರದ ಗೆರೆಗಿಂತ ಮೇಲಿರಬೇಕು, ಆದರೆ ದಿಬ್ಬದ ಹುಲ್ಲನ್ನು ತುಳಿಯಬಾರದು. ದಿಬ್ಬ ಕಟ್ಟುವುದೇ ಸೀ ಓಟ್ಸ್ ಎಂಬ ಆ ಹುಲ್ಲು. ಅದರ ಬುಡದಲ್ಲಿ ಗಾಳಿಯ ವೇಗ ತಗ್ಗಿ ಮರಳು ಉದುರುತ್ತದೆ; ಹೂತುಹೋದಷ್ಟೂ ಹುಲ್ಲು ಮೇಲಕ್ಕೆ ಚಿಗುರುತ್ತದೆ. ಬೇಸಿಗೆಯ ರಾತ್ರಿ ಟಾರ್ಚ್ ಬೆಳಕಿನಲ್ಲೂ ಹಿಡಿತವಿರಲಿ. ಮೊಟ್ಟೆಯೊಡೆದು ಬಂದ ಕಡಲಾಮೆಯ ಮರಿಗಳು ಬೆಳಕಿನ ದಿಕ್ಕು ಹಿಡಿದೇ ಸಮುದ್ರ ಸೇರುವಂಥವು.

ಇಲ್ಲಿನ ಸಾಗರತೀರದಲ್ಲಿ ನಡೆಯುವಾಗ ಕಂದುಗಟ್ಟಿದ ಹಳೆಯ ಸಿಂಪಿ ಚಿಪ್ಪುಗಳು ಸಿಕ್ಕಿದರೆ ಎತ್ತಿ ನೋಡಿ. ಈ ಸಿಂಪಿಗಳು ಬೆಳೆಯುವುದು ಹಿನ್ನೀರಿನಲ್ಲಿ, ಅಲೆ ಬಡಿಯುವ ತೀರದಲ್ಲಲ್ಲ. ಅವು ಈ ಬದಿಗೆ ಬಂದದ್ದು ಹೇಗೆ? ಚಿಪ್ಪುಗಳು ಇದ್ದಲ್ಲೇ ಇದ್ದವು. ದ್ವೀಪವೇ ಅವುಗಳನ್ನು ದಾಟಿ ಒಳನಾಡಿನತ್ತ ಜರುಗಿತು. ಬಿರುಗಾಳಿಯ ಅಲೆಗಳು ದಿಬ್ಬ ದಾಟಿ ಮುಂಬದಿಯ ಮರಳನ್ನು ಹಿಂಬದಿಗೆ ಸುರಿಯುತ್ತವೆ. ಅದರ ಮೇಲೆ ಜವುಗುಹುಲ್ಲು ಬೇರೂರುತ್ತದೆ. ಮುಂದೆ ಕಳೆದುಕೊಂಡದ್ದನ್ನು ದ್ವೀಪ ಹಿಂದೆ ಗಳಿಸುವುದು ಹೀಗೆ.

2019ರ ಸೆಪ್ಟೆಂಬರ್‌ನಲ್ಲಿ ಡೋರಿಯನ್ ಚಂಡಮಾರುತ ಬಂದಾಗ ಉಕ್ಕಿದ ಹಿನ್ನೀರು ಸಾಗರದತ್ತ ನುಗ್ಗಿ ಉತ್ತರ ಕೋರ್ ಬ್ಯಾಂಕ್ಸನ್ನು ಹಲವು ಕಡೆ ಸೀಳಿತು. ಮುಂದೆ ಅನೇಕ ಸೀಳುಗಳನ್ನು ಅಲೆಗಳೇ ಮರಳು ತಂದು ಮುಚ್ಚಿದವು.

ಉತ್ತರಕ್ಕಿರುವ ಹ್ಯಾಟರಸ್ ದ್ವೀಪದಲ್ಲಿ ಹೆದ್ದಾರಿಯಿದೆ, ಊರುಗಳಿವೆ. ಅಲ್ಲಿ ಸಮುದ್ರ ಹತ್ತಿರ ಹತ್ತಿರ ಬಂದು, 1999ರಲ್ಲಿ ದೊಡ್ಡ ದೀಪಸ್ತಂಭವನ್ನೇ ಸುಮಾರು 880 ಮೀಟರ್ ಸರಿಸಬೇಕಾಯಿತು. ರಸ್ತೆಯ ಮೇಲೆ ಬಿದ್ದ ಮರಳನ್ನು ಪ್ರತಿ ಬಿರುಗಾಳಿಯ ನಂತರ ಬಳಿದು ತೆಗೆದರೆ, ದ್ವೀಪದ ಹಿಂಬದಿಗೆ ಅದು ತಲುಪುವುದೇ ಇಲ್ಲ.

ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ ತಡೆದ್ವೀಪ ಉಳಿಯಲು ಮರಳೂ ಬೇಕು, ಜರುಗಲು ಜಾಗವೂ ಬೇಕು. ಕಟ್ಟಡ ಎರಡನ್ನೂ ಕಸಿಯುತ್ತದೆ, ಡೇರೆ ಕಸಿಯುವುದಿಲ್ಲ. ಇಂಥ ದ್ವೀಪಗಳಲ್ಲಿ ಮನುಷ್ಯರ ವಾಸ್ತವ್ಯ ಕಿತ್ತು ಒಯ್ಯಬಹುದಾದ ಗೂಟಗಳಿಗೇ ಸೀಮಿತವಾಗಿರಲಿ.