ಪ್ಲಗ್ ಬದಲಿಸುವ ಮುನ್ನ ಕಾರಿನ ದಿನಚರಿ ನೋಡಿ

ಕಾರಿಗೆ ರೀಮ್ಯಾಪ್ ಮಾಡಿಸುವವರು ಗ್ಯಾರೇಜಿಗೆ ಬಂದರೆ ಮೊದಲು ಕೇಳುವುದು ಬೂಸ್ಟ್ ಎಷ್ಟು ಬರುತ್ತದೆ ಎಂದು. ಆಮೇಲೆ ಡೌನ್‌ಪೈಪ್, ಇಂಟರ್‌ಕೂಲರ್, ಸೈಲೆನ್ಸರಿನ ಸದ್ದು. ಸ್ಪಾರ್ಕ್ ಪ್ಲಗ್‌ನ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಹೈವೇಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಂಜಿನ್ ಮಿಸ್ ಹೊಡೆಯತೊಡಗಿದ ಮೇಲೆ. ಆಗ ಸುತ್ತ ನಿಂತವರೆಲ್ಲ ಪಂಡಿತರೇ. ಒಬ್ಬರು ಇರಿಡಿಯಂ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ರೇಸಿನವರೆಲ್ಲ ಕಾಪರ್ರೇ ಹಾಕೋದು ಎನ್ನುತ್ತಾರೆ, ಮತ್ತೊಬ್ಬರು ಯಾವುದಕ್ಕೂ ಇರಲಿ, ಎರಡು ಸ್ಟೆಪ್ ಕೋಲ್ಡ್ ಹಾಕಿಬಿಡಿ ಎನ್ನುತ್ತಾರೆ.

ಒಂದು ಭ್ರಮೆಯನ್ನು ಮೊದಲೇ ಕಳಚಿಡೋಣ. ಪ್ಲಗ್ ಕಾರಿಗೆ ಶಕ್ತಿ ಕೊಡುವುದಿಲ್ಲ. ಸರಿಯಾಗಿ ಕೆಲಸ ಮಾಡುತ್ತಿರುವ ಪ್ಲಗ್ ತೆಗೆದು ಅದರ ನಾಲ್ಕು ಪಟ್ಟು ಬೆಲೆಯದ್ದನ್ನು ಕೂರಿಸಿದರೂ ಡೈನೋ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು. ಹೊತ್ತಿಗೆ ಸರಿಯಾಗಿ ಕಿಡಿ ಹಾರಿಸುವುದು, ತನ್ನ ಮೂತಿಗೆ ಹತ್ತಿದ ಬಿಸಿಯನ್ನು ಥ್ರೆಡ್ ಮೂಲಕ ಸಿಲಿಂಡರ್ ಹೆಡ್‌ಗೆ ದಾಟಿಸುವುದು, ಅದರ ಕೆಲಸ ಇವೆರಡೇ. ಮಾಡಿಫೈ ಮಾಡಿದ ಇಂಜಿನ್ ಪ್ಲಗ್‌ನಿಂದಾಗಿ ಕೆಡಬಹುದಾದದ್ದು ಈ ಎರಡನೆಯ ಕೆಲಸ ಕೈಕೊಟ್ಟಾಗ.

ಹಾಟ್ ಪ್ಲಗ್, ಕೋಲ್ಡ್ ಪ್ಲಗ್ ಎಂಬ ಮಾತು ಹುಟ್ಟಿರುವುದು ಇಲ್ಲಿಂದಲೇ. ಕಿಡಿಯ ಬಿಸಿಗೂ ಅದಕ್ಕೂ ಸಂಬಂಧವಿಲ್ಲ. ಒಳಗಿನ ಬಿಳಿ ಪಿಂಗಾಣಿಯ ಮೂತಿ ಉದ್ದವಿದ್ದರೆ ಬಿಸಿ ಹೊರಗೆ ಹೋಗಲು ದೂರ ಸಾಗಬೇಕು, ತುದಿ ಬಿಸಿಯಾಗಿಯೇ ಉಳಿಯುತ್ತದೆ. ಅದು ಹಾಟ್ ಪ್ಲಗ್. ಮೂತಿ ಗಿಡ್ಡವಿದ್ದರೆ ಬಿಸಿ ಬೇಗ ಇಳಿಯುತ್ತದೆ. ಅದು ಕೋಲ್ಡ್. ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ತನ್ನ ಮೇಲೆ ಕೂತ ಕಾರ್ಬನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. 800 ದಾಟಿ ಮೇಲೇರಿದರೆ ಕಿಡಿಗೂ ಕಾಯದೆ ಕೆಂಡದಂತೆ ತಾನೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಅಕಾಲದಲ್ಲಿ ಹತ್ತಿದ ಆ ಬೆಂಕಿಗೆ ಪಿಸ್ಟನ್ ತೂತಾಗಲು ತುಂಬ ಹೊತ್ತು ಬೇಕಿಲ್ಲ. ಈ ಎರಡು ಗೆರೆಗಳ ನಡುವೆ ತುದಿಯನ್ನು ನಿಲ್ಲಿಸುವುದೇ ಪ್ಲಗ್ ಆಯ್ಕೆ.

ಕೊಳ್ಳಲು ಹೋದಾಗ ಗೊಂದಲ ಹುಟ್ಟಿಸುವುದು ನಂಬರು. ಎನ್‌ಜಿಕೆ ಪ್ಲಗ್‌ನಲ್ಲಿ ಅಂಕಿ ಏರಿದಂತೆ ಪ್ಲಗ್ ಕೋಲ್ಡ್ ಆಗುತ್ತದೆ. 7ಕ್ಕಿಂತ 8 ಕೋಲ್ಡ್. ಡೆನ್ಸೋ ಕೂಡ ಹಾಗೇ, ಆದರೆ ಅಂಕಿಗಳೇ ಬೇರೆ: ಎನ್‌ಜಿಕೆಯ 6, 7, 8ಕ್ಕೆ ಅಲ್ಲಿ ಸರಿಸುಮಾರು 20, 22, 24. ಬಾಷ್ ಮತ್ತು ಚಾಂಪಿಯನ್ ಕಂಪನಿಗಳದ್ದು ಪೂರ್ತಿ ಉಲ್ಟಾ, ಅಂಕಿ ಇಳಿದಷ್ಟೂ ಕೋಲ್ಡ್. ನಮ್ಮ ಹಳೆಯ ಮೆಕ್ಯಾನಿಕ್‌ಗಳಿಗೆ ಇದು ಇನ್ನೂ ಒಂದು ಸುತ್ತು ತಿರುಚಿಕೊಂಡಿದೆ. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಪ್ಲಗ್‌ಗಳನ್ನು ಕಂಡು ಬೆಳೆದವರು ಅವರು. ಬಾಷ್‌ನ ಹಳೆಯ ಡಬ್ಲ್ಯೂ175, ಡಬ್ಲ್ಯೂ225 ಎಂಬ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್. ಅದೇ ಬಾಷ್ ಆಮೇಲೆ ಲೆಕ್ಕವನ್ನು ತಿರುಗಿಸಿತು. ಹಾಗಾಗಿ ‘ಒಂದು ನಂಬರ್ ಮೇಲಿನದು ಕೊಡಿ’ ಎಂದು ಅಂಗಡಿಯಲ್ಲಿ ಕೇಳುವುದು ಅಪಾಯ. ಪೂರ್ತಿ ಕೋಡ್ ಹೇಳಬೇಕು.

ಕೋಡ್ ಓದುವುದೇನೂ ಬ್ರಹ್ಮವಿದ್ಯೆಯಲ್ಲ. ಬಿಕೆಆರ್7ಇಐಎಕ್ಸ್ ಎಂಬುದನ್ನೇ ನೋಡಿ. ‘ಬಿ’ ಎಂದರೆ 14 ಮಿ.ಮೀ. ಥ್ರೆಡ್, ‘ಕೆ’ಯಲ್ಲಿ 16 ಮಿ.ಮೀ. ಪ್ಲಗ್ ಸ್ಪ್ಯಾನರ್‌ನ ಅಳತೆ ಅಡಗಿದೆ, ‘ಆರ್’ ಎಂದರೆ ಒಳಗೆ ರೆಸಿಸ್ಟರ್ ಉಂಟು, 7 ಹೀಟ್ ರೇಂಜ್ (ಪ್ಲಗ್ ಎಷ್ಟು ಹಾಟ್, ಎಷ್ಟು ಕೋಲ್ಡ್ ಎಂಬ ಅಂಕಿ), ‘ಇ’ ಎಂದರೆ 19 ಮಿ.ಮೀ. ಥ್ರೆಡ್ ಉದ್ದ, ‘ಐಎಕ್ಸ್’ ಇರಿಡಿಯಂ. ಕೊನೆಯಲ್ಲಿ 11 ಎಂದಿದ್ದರೆ ಕಿಡಿ ಹಾರುವ ಗ್ಯಾಪ್ 1.1 ಮಿ.ಮೀ. ಇವುಗಳಲ್ಲಿ ನಾವು ಕೈಯಾಡಿಸಬಹುದಾದದ್ದು ಹೀಟ್ ರೇಂಜ್, ಗ್ಯಾಪ್ ಮತ್ತು ತುದಿಯ ಲೋಹ ಮಾತ್ರ. ಥ್ರೆಡ್ ಉದ್ದದಲ್ಲಿ ತಪ್ಪಿದರೆ ಪಿಸ್ಟನ್ನೇ ಬಂದು ಪ್ಲಗ್‌ಗೆ ಗುದ್ದಬಹುದು. ರೆಸಿಸ್ಟರ್ ಇಲ್ಲದ್ದನ್ನು ಹಾಕಿದರೆ ಅದರ ವಿದ್ಯುತ್ ಗದ್ದಲ ಇಂಜಿನ್ ನಿಯಂತ್ರಿಸುವ ಇಸಿಯುವಿನ ತಲೆ ಕೆಡಿಸಬಹುದು.

ಹಾಗಾದರೆ ಎಷ್ಟು ಸ್ಟೆಪ್, ಅಂದರೆ ಹೀಟ್ ರೇಂಜಿನಲ್ಲಿ ಎಷ್ಟು ಮೆಟ್ಟಿಲು ಕೋಲ್ಡ್? 75ರಿಂದ 100 ಎಚ್‌ಪಿ ಹೆಚ್ಚಾದರೆ ಒಂದು ಸ್ಟೆಪ್ ಕೋಲ್ಡ್ ಎಂಬ ಸ್ಥೂಲ ಲೆಕ್ಕವನ್ನು ಎನ್‌ಜಿಕೆಯವರೇ ಕೊಟ್ಟಿದ್ದಾರೆ. 2017ರಲ್ಲಿ ಇಲ್ಲಿಗೆ ಬಂದ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಅನ್ನು ತೆಗೆದುಕೊಳ್ಳಿ. ಎರಡು ಲೀಟರಿನ ಟರ್ಬೊ ಪೆಟ್ರೋಲ್, ಕಂಪನಿಯಿಂದ 230 ಪಿಎಸ್. ಬರೀ ಸ್ಟೇಜ್ ಒನ್ ರೀಮ್ಯಾಪ್‌ನಲ್ಲೇ 300ರ ಆಸುಪಾಸಿಗೆ ಬರುತ್ತದೆ, ಅಂದರೆ ಒಂದು ಸ್ಟೆಪ್‌ನ ಹೊಸ್ತಿಲಿಗೆ. ಇಲ್ಲಿ ಅಂಕಿಗಿಂತ ಮಾಲೀಕನ ದಿನಚರಿ ಮುಖ್ಯ ಎಂಬುದು ನನ್ನ ಅಭಿಪ್ರಾಯ. ದಿನಾ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗಿ, ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ರಸ್ತೆಯಲ್ಲಿ ಒಂದರ್ಧ ಗಂಟೆ ಓಡಿಸುವ ಕಾರಿಗೆ ಕಂಪನಿಯ ಹೀಟ್ ರೇಂಜೇ ಸಾಕು; ಹೊಸದು ಹಾಕಿ, ಬೇಗ ಬದಲಿಸಿದರಾಯಿತು. ಡೌನ್‌ಪೈಪ್, ದೊಡ್ಡ ಇಂಟರ್‌ಕೂಲರ್ ಹಾಕಿಸಿ ಬೂಸ್ಟ್ ಇನ್ನೂ ಏರಿಸಿದರೆ, ಇಲ್ಲವೇ ಕಾರನ್ನು ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ಸುತ್ತು ಹೊಡೆಸುವ ಅಭ್ಯಾಸವಿದ್ದರೆ ಒಂದು ಸ್ಟೆಪ್ ಕೋಲ್ಡ್. ಎರಡು ಸ್ಟೆಪ್ ಎನ್ನುವವರು ಬಹುತೇಕ ಧೈರ್ಯಕ್ಕೆ ಹೇಳುತ್ತಾರೆ.

ಅತಿ ಕೋಲ್ಡ್ ಪ್ಲಗ್‌ಗೂ ದಂಡ ತೆರಬೇಕಲ್ಲ. ಟ್ರಾಫಿಕ್‌ನಲ್ಲಿ ತುದಿ ಸ್ವಚ್ಛವಾಗುವಷ್ಟು ಬಿಸಿಯೇರದೆ ಕಪ್ಪು ಕಟ್ಟುತ್ತದೆ, ಬೆಳಿಗ್ಗೆ ಸ್ಟಾರ್ಟ್ ತೊಡಕಾಗುತ್ತದೆ, ಐಡಲಿಂಗ್ ನಡುಗುತ್ತದೆ. ಮೈಸೂರಿನ ಐಡಿಯಲ್ ಜಾವಾದಿಂದ ಬರುತ್ತಿದ್ದ ಯೆಜ್ಡಿ ಓಡಿಸಿದವರಿಗೆ ಪ್ಲಗ್ ಎಣ್ಣೆ ಹಿಡಿಯುವುದು ಹೊಸ ವಿಷಯವಲ್ಲ. ಬಿಚ್ಚಿ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮುಂದೆ ಹೊರಡುತ್ತಿದ್ದರು. ಇರಿಡಿಯಂ ತುದಿಯನ್ನು ಹಾಗೆ ಉಜ್ಜಿದರೆ ಅದು ಅಲ್ಲಿಗೇ ಮುಗಿಯಿತು. ಇನ್ನೊಂದು ಮಾತು: ಪೆಟ್ರೋಲಿನ ಆಕ್ಟೇನ್ ಸಾಲದೆ ಬರುವ ನಾಕಿಂಗ್‌ಗೆ ಕೋಲ್ಡ್ ಪ್ಲಗ್ ಮದ್ದಲ್ಲ. 95 ಆಕ್ಟೇನ್ ನೆಚ್ಚಿ ಮಾಡಿದ ಮ್ಯಾಪ್‌ಗೆ 91 ತುಂಬಿಸಿ ಪ್ಲಗ್ ಬದಲಿಸುತ್ತ ಕೂತವರು ಅನೇಕ.

ಮಿಸ್ ಹೊಡೆಯುವ ಕಾರಿಗೆ ನಿಜವಾದ ಪರಿಹಾರ ಹೆಚ್ಚಿನ ಸಲ ಗ್ಯಾಪ್‌ನಲ್ಲಿರುತ್ತದೆ. ಬೂಸ್ಟ್ ಗಾಳಿ ಕಿಡಿಯನ್ನು ಊದಿ ಆರಿಸಿತು ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಬಹುತೇಕ ಸಲ ಕಿಡಿ ಹುಟ್ಟಿಯೇ ಇರುವುದಿಲ್ಲ. ಗಾಳಿಯ ಒತ್ತಡ ಹೆಚ್ಚಿದಷ್ಟೂ ಅದೇ ಅಂತರ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಜರ್ಮನಿಯ ಫ್ರೀಡ್ರಿಶ್ ಪಾಶೆನ್ 1889ರಲ್ಲೇ ಇದರ ನಿಯಮ ಕಂಡುಕೊಂಡಿದ್ದ. ಬೂಸ್ಟ್ ಏರಿಸಿದಿರಿ, ಕಾಯಿಲ್ ಹಳೆಯದೇ ಇದೆ, ವೋಲ್ಟೇಜ್ ಸಾಲದು. ಆಗ ಅಂತರ ಕಡಿಮೆ ಮಾಡುವುದೇ ದಾರಿ. 0.8 ಮಿ.ಮೀ. ಇದ್ದದ್ದನ್ನು 0.7ಕ್ಕೆ, ತೀರಾ ಹೆಚ್ಚು ಬೂಸ್ಟ್ ಇದ್ದರೆ 0.6ಕ್ಕೆ ತರುತ್ತಾರೆ. ಬೇಕಾದ್ದಕ್ಕಿಂತ ಕಿರಿದು ಮಾಡಿದರೆ ಕಿಡಿ ಚಿಕ್ಕದಾಗಿ ಐಡಲಿಂಗ್ ಒರಟಾಗುತ್ತದೆ. ಆದ್ದರಿಂದ ಮಿಸ್ ನಿಲ್ಲುವ ಅತಿ ದೊಡ್ಡ ಗ್ಯಾಪ್ ಯಾವುದೋ ಅದೇ ಸರಿ.

ಬೆಂಗಳೂರಿನ ಕಾರುಗಳಿಗೆ ಇದರಲ್ಲಿ ಒಂದು ವಿಶೇಷ ಪೇಚು ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ವೇಸ್ಟ್‌ಗೇಟ್ ಸ್ಪ್ರಿಂಗ್ ಅಥವಾ ಸಾದಾ ಬೂಸ್ಟ್ ಕಂಟ್ರೋಲರ್ ನೆಚ್ಚಿದ ಕಾರಿನಲ್ಲಿ ಬೂಸ್ಟ್ ಕೂಡಿಕೊಳ್ಳುವುದು ಸುತ್ತಲಿನ ಒತ್ತಡದ ಮೇಲೆ. ಹಾಗಾಗಿ ಇಲ್ಲಿ ಡೈನೋ ಮೇಲೆ ತಕರಾರಿಲ್ಲದ ಗ್ಯಾಪ್, ಶಿರಾಡಿ ಘಾಟಿ ಇಳಿದು ಕರಾವಳಿ ಮುಟ್ಟಿದಾಗ ಮಿಸ್ ಹೊಡೆಸಬಹುದು. ನಿಜ ಒತ್ತಡವನ್ನೇ ಅಳೆದು ಬೂಸ್ಟ್ ನಿಭಾಯಿಸುವ ಈಚಿನ ಇಸಿಯುಗಳಿಗೆ ಈ ಕಾಟ ಕಡಿಮೆ.

ಇನ್ನು ಲೋಹದ ಜಗಳ. ಕಾಪರ್ ಪ್ಲಗ್ ಎನ್ನುವುದರಲ್ಲಿ ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ. ಇರಿಡಿಯಂ ಪ್ಲಗ್‌ನ ಒಳಗೂ ಅದೇ ತಾಮ್ರ. ಕಾಪರ್ ಪ್ಲಗ್‌ನ ಹೊರತುದಿ ನಿಕ್ಕಲ್ ಮಿಶ್ರಲೋಹ, ಸುಮಾರು 2.5 ಮಿ.ಮೀ. ದಪ್ಪ. ಇರಿಡಿಯಂ ಕರಗಲು 2,400 ಡಿಗ್ರಿಗೂ ಹೆಚ್ಚು ಬೇಕು, ಹಾಗಾಗಿ ತುದಿಯನ್ನು 0.6 ಮಿ.ಮೀ.ಗೆ, ಡೆನ್ಸೋದವರು ಕೆಲವದರಲ್ಲಿ 0.4ಕ್ಕೂ ಇಳಿಸಿದ್ದಾರೆ. ತೆಳು ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿನಲ್ಲೇ ಹಾರುತ್ತದೆ, ಅದು ಟರ್ಬೊಗೆ ಅನುಕೂಲವೇ. ತಾಮ್ರದಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ ಎಂಬ ವಾದ ಮಾತ್ರ ನಿಲ್ಲುವುದಿಲ್ಲ: ಮಧ್ಯೆ ಸುಮಾರು 5 ಕಿಲೋ ಓಮ್‌ನ ರೆಸಿಸ್ಟರ್ ಕೂತಿರುವಾಗ ತುದಿಯ ಲೋಹದ ಲೆಕ್ಕ ಯಾರಿಗೆ ಬೇಕು? ನಿಕ್ಕಲ್ ತುದಿಯ ನಿಜವಾದ ಗುಣ ಅಗ್ಗ ಎನ್ನುವುದು. ವರ್ಷಕ್ಕೆರಡು ಸಲ ತಾನೇ ಬಿಚ್ಚಿ ಬದಲಿಸುವವರಿಗೆ ಅದು ಒಳ್ಳೆಯ ಆಯ್ಕೆ. ಮೂರು ನಾಲ್ಕು ಕಾಲಿನ ಗ್ರೌಂಡ್ ಎಲೆಕ್ಟ್ರೋಡ್‌ಗಳಿಗೆ ಮರುಳಾಗಬೇಕಿಲ್ಲ, ಕಿಡಿ ಒಂದು ಸಲಕ್ಕೆ ಒಂದೇ ಕಾಲಿಗೆ ಹಾರುತ್ತದೆ.

ಇರಿಡಿಯಂ ಗ್ಯಾಪ್ ಸರಿಮಾಡುವಾಗ ನಡುವಿನ ತುದಿಗೆ ಉಪಕರಣ ತಾಗಿಸಬಾರದು. ಗ್ರೌಂಡ್ ಎಲೆಕ್ಟ್ರೋಡನ್ನಷ್ಟೇ ಹದವಾಗಿ ಬಗ್ಗಿಸಬೇಕು. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಹಾಕಬೇಡಿ, ಪಿಂಗಾಣಿಯ ಕೂದಲೆಳೆ ಬಿರುಕು ಕಣ್ಣಿಗೆ ಕಾಣದು. 14 ಮಿ.ಮೀ. ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ 25ರಿಂದ 30 ನ್ಯೂಟನ್ ಮೀಟರ್ ಸಾಕು. ಥ್ರೆಡ್‌ಗೆ ಗ್ರೀಸು ಮೆತ್ತಿದರೆ ಅದೇ ಟಾರ್ಕ್‌ನಲ್ಲಿ ಪ್ಲಗ್ ಹೆಚ್ಚು ಬಿಗಿಯುತ್ತದೆ, ಲೇಪನವಿರುವ ಪ್ಲಗ್‌ಗೆ ಅದರ ಅಗತ್ಯವೂ ಇಲ್ಲ. ಅರ್ಧ ಬೆಲೆಗೆ ಸಿಕ್ಕ ‘ಇರಿಡಿಯಂ’ ನಕಲಿಯೇ ಇರಬೇಕೆಂದು ಭಾವಿಸುವುದು ಕ್ಷೇಮ.

ಹಳೆಯ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಜೋಡಿಸಿಟ್ಟು ಬೆಳಕಿನಲ್ಲಿ ನೋಡಿ. ಪಿಂಗಾಣಿಯ ಮೇಲೆ ಅಲ್ಯೂಮಿನಿಯಂನ ಪುಟ್ಟ ಚುಕ್ಕೆಗಳು ಕಂಡರೆ ನಾಕಿಂಗ್ ಆಗಿದೆ, ಟ್ಯೂನರ್ ಹತ್ತಿರ ಓಡಬೇಕು. ಗುಳ್ಳೆ ಎದ್ದಿದ್ದರೆ ಪ್ಲಗ್ ಅತಿಯಾಗಿ ಕಾದಿದೆ. ಕೆಂಪು-ಕಂದು ಲೇಪ ಆಕ್ಟೇನ್ ಬೂಸ್ಟರ್‌ನದ್ದಾಗಿರಬಹುದು. ಮೂರು ಒಂದೇ ಬಣ್ಣವಿದ್ದು ನಾಲ್ಕನೆಯದು ಮಾತ್ರ ಎಣ್ಣೆ ಹಿಡಿದು ಕಪ್ಪಗಿದ್ದರೆ ಆ ಸಿಲಿಂಡರಿನ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿರುವ ಸಾಧ್ಯತೆಯಿದೆ. ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ, ಹೊಸ ಸೆಟ್ ಆಮೇಲೆ ತರಿಸಿ.